ಇದು ಆ ಪರ್ಸೆಂಟ್ ಅಲ್ಲ

ನಮ್ಮ ಕಡೆ ಮಳೆಗೆ ಬರ ಇರಬಹುದು. ಭವಿಷ್ಯ ಹೇಳುವವರಿಗೆ ಇಲ್ಲ.

ಮಧುಗಿರಿ ಕಡೆಯ ಬಡವನಹಳ್ಳಿಯಲ್ಲಿ ನಿಂತು ಯಾವ ದಿಕ್ಕಿಗೆ ಕಲ್ಲು ಬೀಸಿದರೂ ಒಬ್ಬ ಭವಿಷ್ಯಕಾರನ ಮನೆ ಹೆಂಚಿಗೆ ಬೀಳುತ್ತದೆ. ಬೋರ್ ಪಾಯಿಂಟ್ ಮಾಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾನೆ. ಕಾಯಿ ಎದ್ದು ನಿಂತ ಕಡೆ ಗಂಗೆ. ಸಾವಿರ ಅಡಿ ಕೊರೆದರೆ ಮೇಲೆ ಬರುವುದು ಬಿಳಿ ಧೂಳು. ಅವನ ಫೀಸು ವಾಪಸ್ ಬರುವುದಿಲ್ಲ. ಬೆಳಗ್ಗೆ ಟೀವಿ ಹಾಕಿದರೆ ರೇಷ್ಮೆ ಶಾಲಿನವರು ಲ್ಯಾಪ್‌ಟಾಪ್ ನೋಡಿಕೊಂಡು ಶನಿಯ ಓಡಾಟ ಹೇಳುತ್ತಾರೆ. ಚುನಾವಣೆ ಬಂದರೆ ಹುಣಸೆಮರದ ಕೆಳಗೆ ಕೂತವರೆಲ್ಲ ಸಮೀಕ್ಷಾ ತಜ್ಞರು.

ಇವರಲ್ಲಿ ಒಬ್ಬನನ್ನೂ ನಾವು "ಹೋದ ಸಲ ಹೇಳಿದ್ದು ನಿಜವಾಯ್ತೇನಪ್ಪ?" ಎಂದು ಕೇಳಿದವರಲ್ಲ. ಕೇಳಿದರೆ ಅಪಶಕುನ.

ಒಂದೇ ಒಂದು ಭವಿಷ್ಯ ಮಾತ್ರ ಲ್ಯಾಬಿನಲ್ಲಿ ಅಳೆದು, ದಶಮಾಂಶದ ಚುಕ್ಕಿ ಸಮೇತ ಪ್ರಿಂಟಾಗಿ ಬರುತ್ತದೆ. ಈ ಗುಳಿಗೆ ನಿನ್ನ ಮೈಗೆ ನಾಟುತ್ತಿದೆಯೋ ಇಲ್ಲವೋ, ಇದನ್ನೇ ನುಂಗುತ್ತಾ ಹೋದರೆ ಮುಂದೇನು ಗತಿ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಅದಕ್ಕೆ ನಮ್ಮಲ್ಲಿ ಗಿರಾಕಿಗಳಿಲ್ಲ. ಅಂಗಡಿಯೂ ಇಲ್ಲ.

ರಕ್ತದ ಕ್ಯಾನ್ಸರಿನ ಮಾತು ಹೇಳುತ್ತಿದ್ದೇನೆ. ಅದರಲ್ಲೂ ಸಿಎಂಎಲ್ ಎಂಬ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ.

ಈ ರೋಗ ನಮ್ಮ ಸೀಮೆಯಲ್ಲಿ ನಡೆಯುವ ದಾರಿ ನಿಮಗೆ ಗೊತ್ತಿರುವುದೇ. ಮೊದಲು ಸುಸ್ತು. ಸುಸ್ತಿಗೆ ಗ್ಲೂಕೋಸ್ ಬಾಟಲಿ. ಬಾಟಲಿ ಏರಿಸದ ಡಾಕ್ಟರನ್ನು ನಾವು ಡಾಕ್ಟರೆಂದು ಒಪ್ಪುವುದಿಲ್ಲ. ಆಮೇಲೆ ಎಡಗಡೆ ಪಕ್ಕೆಯ ಕೆಳಗೆ ಭಾರ. ಅದಕ್ಕೆ ಗ್ಯಾಸ್ಟ್ರಿಕ್ ಗುಳಿಗೆ. ಗುಲ್ಮ ಊದಿ ಹೊಕ್ಕುಳಿನ ಹತ್ತಿರ ಬಂದಾಗ "ಹೊಟ್ಟೇಲಿ ಗಡ್ಡೆ". ಅದಕ್ಕೆ ತಾಯಿತ. ಕೊನೆಗೆ ಯಾರೋ ಪುಣ್ಯಾತ್ಮ ರಕ್ತ ಪರೀಕ್ಷೆ ಬರೆದುಕೊಟ್ಟರೆ ಬಿಳಿ ರಕ್ತಕಣ ಲಕ್ಷ ದಾಟಿರುತ್ತದೆ. ಅಲ್ಲಿಂದ ಮಧುಗಿರಿ, ಮಧುಗಿರಿಯಿಂದ ತುಮಕೂರು, ತುಮಕೂರಿನಿಂದ ಬೆಂಗಳೂರಿನ ಹೊಸೂರು ರಸ್ತೆ. ಕಿದ್ವಾಯಿ ಆಸ್ಪತ್ರೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. 2023ರ ಜೂನ್ 11ರಿಂದ ಅದೊಂದು ಉಪಕಾರವಾಗಿದೆ. ಬಸ್ಸಿಳಿದ ಮೇಲಿನದು ಅವರವರ ಶಕ್ತಿ.

ವಿಜ್ಞಾನದ ಕತೆಯೇನು ಹೊಸದಲ್ಲ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್, ಹಂಗರ್‌ಫರ್ಡ್ ಎಂಬಿಬ್ಬರು ಈ ರೋಗಿಗಳ ಜೀವಕೋಶದಲ್ಲಿ ಒಂದು ಮೋಟು ಕ್ರೋಮೋಸೋಮ್ ಕಂಡರು. ಅದು ಯಾಕೆ ಮೋಟಾಯಿತು ಎಂದು ತೋರಿಸಿದವಳು ಶಿಕಾಗೋದ ಜಾನೆಟ್ ರೌಲಿ. 9ನೇ ಕ್ರೋಮೋಸೋಮೂ 22ನೆಯದೂ ತುಂಡು ಬದಲಾಯಿಸಿಕೊಂಡಿವೆ ಎಂದು ಆಕೆ ಬರೆದದ್ದು 1973ರ ಜೂನ್‌ನಲ್ಲಿ. ಅದೇ ವರ್ಷ, ಅದೇ ತಿಂಗಳು, 26ನೇ ತಾರೀಕು ನಮ್ಮ ಕಿದ್ವಾಯಿ ಶುರುವಾಯಿತು. ಅಂದರೆ ರೋಗದ ಗುಟ್ಟಿಗೂ ನಮ್ಮ ಆಸ್ಪತ್ರೆಗೂ ಒಂದೇ ವಯಸ್ಸು. ಐವತ್ತು ದಾಟಿವೆ. ಗುಟ್ಟು ಜಗತ್ತೆಲ್ಲ ಸುತ್ತಿತು. ಆಸ್ಪತ್ರೆಯ ಮುಂದಿನ ಕ್ಯೂ ಮಾತ್ರ ಜಗ್ಗಲಿಲ್ಲ.

ತುಂಡು ಬದಲಾದಾಗ ಬಿಸಿಆರ್ ಮತ್ತು ಎಬಿಎಲ್ ಎಂಬೆರಡು ಜೀನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿಕೊಂಡ ಜೋಡಿ ಒಂದು ಕಿಣ್ವ ತಯಾರಿಸುತ್ತದೆ. ಆ ಕಿಣ್ವಕ್ಕೆ ಆಫ್ ಸ್ವಿಚ್ಚೇ ಇಲ್ಲ. ಬಿಳಿ ರಕ್ತಕಣ ಹುಟ್ಟುತ್ತಲೇ ಇರುತ್ತವೆ. 2001ರ ಮೇ 10ರಂದು ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಇಮಾಟಿನಿಬ್ ಎಂಬ ಗುಳಿಗೆ ಆ ಕಿಣ್ವದ ಬಾಯಿಗೇ ಬಟ್ಟೆ ತುರುಕುತ್ತದೆ. ಕೂದಲು ಉದುರಿಸುವ ಕಿಮೋ ಬೇಡ. ದಿನಕ್ಕೊಂದು ಗುಳಿಗೆ, ಊಟ ಆದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜತೆ. ಮೊದಲ ದೊಡ್ಡ ಪ್ರಯೋಗದಲ್ಲಿ ಈ ಗುಳಿಗೆಯಿಂದಲೇ ಚಿಕಿತ್ಸೆ ಆರಂಭಿಸಿದವರಲ್ಲಿ ನೂರಕ್ಕೆ 83 ಜನ ಹತ್ತು ವರ್ಷದ ನಂತರವೂ ಬದುಕಿದ್ದರು. ನಮ್ಮ ಸಿನಿಮಾದವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅಲ್ಲಿ ಬ್ಲಡ್ ಕ್ಯಾನ್ಸರ್ ಅಂದರೆ ಇವತ್ತಿಗೂ ಕರ್ಚೀಫಿನಲ್ಲಿ ರಕ್ತ, ಒಂದು ಹಾಡು, ಸಾವು.

ಗುಳಿಗೆ ದುಬಾರಿಯಿತ್ತು. ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ತಿಂಗಳಿಗೆ ಸುಮಾರು 1,20,000 ರೂಪಾಯಿ. ನಮ್ಮ ದೇಶದ ಕಂಪನಿಗಳು ಅದನ್ನೇ ಸುಮಾರು 8,000ಕ್ಕೆ ಕೊಟ್ಟವು. ನೊವಾರ್ಟಿಸ್ ಪೇಟೆಂಟ್ ಬೇಕೆಂದು ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಏಪ್ರಿಲ್ ಒಂದರಂದು ಈ ದೇಶದ ರೋಗಿ ಮೂರ್ಖನಾಗದೆ ಉಳಿದದ್ದು ಅದೊಂದೇ ಸಲ ಇರಬೇಕು. ಕಂಪನಿಯೇ ಮ್ಯಾಕ್ಸ್ ಫೌಂಡೇಷನ್ ಮೂಲಕ ಸಾವಿರಾರು ಜನರಿಗೆ ಗುಳಿಗೆಯನ್ನು ಪುಕ್ಕಟೆ ಕೊಟ್ಟಿದ್ದೂ ಉಂಟು. ಒಂದು ಕೈಯಲ್ಲಿ ದಾನ, ಇನ್ನೊಂದು ಕೈಯಲ್ಲಿ ದಾವೆ.

ಅಂತೂ ಗುಳಿಗೆ ಬಂತು. ಅಗ್ಗವಾಯಿತು. ಸರ್ಕಾರದ ಪಟ್ಟಿಗೂ ಸೇರಿತು. ಗುಳಿಗೆ ಹಂಚಿದರೆ ಫೋಟೋ ಬರುತ್ತದೆ, ಅದು ನಾಟಿತೇ ಎಂದು ಅಳೆದರೆ ಬರುವುದಿಲ್ಲ. ಹಾಗಾಗಿ ಅಳತೆ ಮಾತ್ರ ಬರಲಿಲ್ಲ.

ಆ ಅಳತೆ ಇಷ್ಟೇ. ರಕ್ತದಲ್ಲಿ ಆ ಅಂಟಿಕೊಂಡ ಜೀನಿನ ಸಂದೇಶ ಎಷ್ಟು ಉಳಿದಿದೆ ಎಂದು ಪಿಸಿಆರ್ ಯಂತ್ರ ಎಣಿಸುತ್ತದೆ. ಉತ್ತರ ಶೇಕಡಾವಾರು. ಗುಳಿಗೆ ಶುರುವಾಗಿ ಮೂರು ತಿಂಗಳಿಗೆ ಅದು 10 ಪರ್ಸೆಂಟ್ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಆರು ತಿಂಗಳಿಗೆ 1 ಪರ್ಸೆಂಟ್. ವರ್ಷಕ್ಕೆ 0.1 ಪರ್ಸೆಂಟ್. ಮೂರು ತಿಂಗಳ ಆ ಒಂದು ಅಂಕಿ ಮುಂದಿನ ಹತ್ತು ವರ್ಷದ ಜಾತಕ.

ಪರ್ಸೆಂಟ್ ಅಂದ ಕೂಡಲೇ ಕಿವಿ ನಿಮಿರಿಸಿದವರು ದಯವಿಟ್ಟು ಕೂತುಕೊಳ್ಳಿ. ಇದು ಆ ಪರ್ಸೆಂಟ್ ಅಲ್ಲ. ಇದರಲ್ಲಿ ಕಂಟ್ರಾಕ್ಟರ್ ಇಲ್ಲ, ಟೆಂಡರ್ ಇಲ್ಲ, ಯಾರ ಪಾಲೂ ಇಲ್ಲ. ಅದಕ್ಕೇ ಇರಬೇಕು, ಯಾರಿಗೂ ಆಸಕ್ತಿಯೂ ಇಲ್ಲ.

ಅಂಕಿ ಇಳಿಯದಿದ್ದರೆ ಡಾಕ್ಟರು ಎರಡು ಪ್ರಶ್ನೆ ಕೇಳಬೇಕು. ಗುಳಿಗೆ ಸರಿಯಾಗಿ ತಗೊಂಡೆಯಾ? ತಗೊಂಡಿದ್ದರೆ, ಜೀನ್ ಇನ್ನೊಂದು ವೇಷ ಹಾಕಿದೆಯಾ? ಟಿ315ಐ ಎಂಬ ರೂಪಾಂತರವಿದೆ. ಕಿಣ್ವದ 315ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅಷ್ಟಕ್ಕೇ ಇಮಾಟಿನಿಬ್ ಸೋಲುತ್ತದೆ. ಅದರ ನಂತರದ ಡಾಸಾಟಿನಿಬ್, ನಿಲೋಟಿನಿಬ್ ಕೂಡ ಸೋಲುತ್ತವೆ. ಪೊನಾಟಿನಿಬ್ ಇಲ್ಲವೇ ಆಸ್ಕಿಮಿನಿಬ್ ಬೇಕು. ಪರೀಕ್ಷೆ ಮಾಡಿಸದವನು ಸೋತ ಗುಳಿಗೆಯನ್ನೇ ವರ್ಷಗಟ್ಟಲೆ ಭಕ್ತಿಯಿಂದ ನುಂಗುತ್ತಾನೆ. ತೆಂಗಿನಕಾಯಿ ನಂಬಿ ಬೋರ್ ಕೊರೆಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಹೊಲ ಹೋಗುತ್ತದೆ.

ಸರ್ಕಾರವನ್ನು ಕೇಳಿದರೆ ಕಾರ್ಡು ತೋರಿಸುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ಗೆ 30 ಪರ್ಸೆಂಟ್, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಸಂತೋಷ. ಆದರೆ ಈ ಯೋಜನೆಯ ಜೀವಾಳ ಮಂಚ. ಮಂಚದ ಮೇಲೆ ಮಲಗಿದವನಿಗೆ ಮರ್ಯಾದೆ. ಸಿಎಂಎಲ್ ರೋಗಿ ಮಾಡಿದ ಅಪರಾಧ ಏನೆಂದರೆ ಅವನು ಮಲಗುವುದಿಲ್ಲ. ಬೆಳಗ್ಗೆ ಗುಳಿಗೆ ನುಂಗಿ ಶೇಂಗಾ ಹೊಲಕ್ಕೆ ಹೋಗುತ್ತಾನೆ. ಅವನಿಗೆ ಬೇಕಾದದ್ದು ಮೂರು ತಿಂಗಳಿಗೊಮ್ಮೆ ಒಂದು ಸಿರಿಂಜು ರಕ್ತದ ಲೆಕ್ಕ. ನಡೆದಾಡುವ ರೋಗಿ ಕಾಗದಪತ್ರಕ್ಕೆ ಅರ್ಥವಾಗುವುದಿಲ್ಲ. ಅಂಕಿ ಕೈಮೀರಿ, ರೋಗ ಉಲ್ಬಣಿಸಿ, ಅವನು ಉದ್ದಕ್ಕೆ ಮಲಗಿದ ದಿನ ಕಾರ್ಡು ಎದ್ದು ನಿಲ್ಲುತ್ತದೆ.

ಅಷ್ಟರಲ್ಲಿ ರೆಫರಲ್ ಚೀಟಿ ಬೇಕು. ಚೀಟಿಗೆ ಸೀಲು ಬೇಕು. ಸೀಲಿನವರು ಮೀಟಿಂಗಿನಲ್ಲಿರುತ್ತಾರೆ.

ಈ ರೋಗಿಗಳ ಫೈಲು ನೋಡಿದ್ದೀರಾ? ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸು, ಆಧಾರ್ ಜೆರಾಕ್ಸು, ಎಂಎಲ್‌ಎ ಶಿಫಾರಸು ಪತ್ರದ ಜೆರಾಕ್ಸು, ಲ್ಯಾಮಿನೇಷನ್ ಮಾಡಿಸಿದ ದೇವರ ಫೋಟೋ. ನಾಲ್ಕಾಗಿ ಮಡಚಿ ಮಡಚಿ ಗೆರೆ ಬಿದ್ದ ಒಂದು ಹಾಳೆ, ಬಿಸಿಆರ್-ಎಬಿಎಲ್ ರಿಪೋರ್ಟು. ಅದು ಒಂದೇ ಇರುತ್ತದೆ, ಮೊದಲನೆಯದು. ರೋಗ ಇದೆ ಎಂದು ಹೇಳಿದ್ದು. ಎರಡನೆಯದು ಇಲ್ಲ. ಕೇಳಿದರೆ, "ಗುಳಿಗೆ ಕೊಡ್ತಾವ್ರಲ್ಲ ಸಾ, ಮತ್ತ್ಯಾಕೆ?" ಆ ಕವರಿನಲ್ಲಿರುವ ಕಾಗದಗಳಲ್ಲಿ ಅವನು ಬಡವ ಎಂಬುದಕ್ಕೆ ಪುರಾವೆ ಹತ್ತಿವೆ. ಅವನು ಗುಣವಾಗುತ್ತಿದ್ದಾನೆ ಎಂಬುದಕ್ಕೆ ಒಂದೂ ಇಲ್ಲ.

ಯಂತ್ರ ಇಲ್ಲವೇ ಎಂದರೆ ಅದೂ ಸುಳ್ಳು. ಟಿಬಿ ಪತ್ತೆಗೆಂದು ಸರ್ಕಾರ ಜಿಲ್ಲೆ ಜಿಲ್ಲೆಗೆ ಸಿಬಿನ್ಯಾಟ್ ಯಂತ್ರ ಇಟ್ಟಿದೆ. ಕಂಪನಿಯ ಹೆಸರಲ್ಲಿ ಜೀನ್‌ಎಕ್ಸ್‌ಪರ್ಟ್. ಕಫ ಹಾಕಿದ ಕಾರ್ಟ್ರಿಜ್ ತೂರಿಸಿದರೆ ಟಿಬಿ ಹೇಳುತ್ತದೆ. ಅದೇ ಕಂಪನಿ ಅದೇ ಯಂತ್ರಕ್ಕೆ ಬಿಸಿಆರ್-ಎಬಿಎಲ್ ಎಣಿಸುವ ಕಾರ್ಟ್ರಿಜ್ಜನ್ನೂ ಮಾಡುತ್ತದೆ. ಯಂತ್ರಕ್ಕೆ ಟಿಬಿ, ಕ್ಯಾನ್ಸರ್ ಎಂಬ ಭೇದವಿಲ್ಲ. ಭೇದವಿರುವುದು ಇಲಾಖೆಗೆ. ಟಿಬಿ ಯಂತ್ರ ಟಿಬಿಯವರದು, ಕ್ಯಾನ್ಸರ್ ಕಡತ ಕ್ಯಾನ್ಸರಿನವರದು. ಒಂದೇ ಕಾಂಪೌಂಡು, ಎರಡು ರಾಜ್ಯ. ಮಧ್ಯೆ ಒಬ್ಬ ಗುಮಾಸ್ತ.

ಹೋಗಲಿ, ಯಂತ್ರವೂ ಬೇಡ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚ್ ಸಂಸ್ಥೆಯವರು ವಿಶೇಷ ಕಾಗದದ ಮೇಲೆ ನಾಲ್ಕು ಹನಿ ರಕ್ತ ಒಣಗಿಸಿ ಅಂಚೆಯಲ್ಲಿ ಕಳಿಸಿದರೆ ಸಾಕೆಂದರು. ಪರೀಕ್ಷಾ ಸೌಲಭ್ಯವೇ ಇಲ್ಲದ ಬಡ ದೇಶಗಳಿಂದ ಹಾಗೆ ಕಾಗದಗಳು ಹೋದವು. ನಾವು ಬಡ ದೇಶವಲ್ಲ. ನಾವು ಜೈವಿಕ ತಂತ್ರಜ್ಞಾನದ ರಾಜಧಾನಿ ಇರುವ ರಾಜ್ಯ.

ಆ ರಾಜಧಾನಿಯ ವೈಭವವನ್ನು ಸ್ವಲ್ಪ ನೋಡಿ. 2001ರಲ್ಲೇ ನಮಗೆ ಬಯೋಟೆಕ್ ನೀತಿ. ಪ್ರತಿ ವರ್ಷ ಟೆಕ್ ಸಮ್ಮಿಟ್ಟು, ಕೋಟು, ಕೊರಳಿಗೆ ಟ್ಯಾಗು. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ನೇತೃತ್ವ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ್ದು. ಅದರ ದತ್ತಾಂಶ 2025ರ ಜನವರಿಯಲ್ಲಿ ಬಿಡುಗಡೆಯಾಯಿತು. ಒಳ್ಳೆಯ ಕೆಲಸ, ಕೊಂಕಿಲ್ಲ. ಇದೇ ಊರಿನಲ್ಲಿ ಕಾರ್-ಟಿ ಚಿಕಿತ್ಸೆ ತಯಾರಿಸುವ ಕಂಪನಿಯಿದೆ. ರೋಗಿಯ ಪ್ರತಿರಕ್ಷಣಾ ಕೋಶಗಳನ್ನೇ ಹೊರತೆಗೆದು, ಸಿಡಿ19 ಎಂಬ ಗುರುತು ಹೊತ್ತ ಕ್ಯಾನ್ಸರ್ ಕೋಶವನ್ನು ಹುಡುಕಿ ಕೊಲ್ಲುವಂತೆ ತಿದ್ದಿ ಮರಳಿ ಬಿಡುವುದು. ಬಾಂಬೆ ಐಐಟಿಯಲ್ಲಿ 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳೇ ದೇಶದ ಮೊದಲ ಕಾರ್-ಟಿ ಚಿಕಿತ್ಸೆಯನ್ನು ಲೋಕಾರ್ಪಣೆ ಮಾಡಿದರು. ಅಗ್ಗದ್ದಂತೆ. ಹತ್ತಾರು ಲಕ್ಷ. ಅಮೆರಿಕದ ಕೋಟಿಗಳಿಗೆ ಹೋಲಿಸಿದರೆ ಅಗ್ಗವೇ ಸರಿ. ಹೋಲಿಕೆಗೆ ಬಡವನಹಳ್ಳಿಯನ್ನು ಯಾರೂ ಕರೆಯಲಿಲ್ಲ.

ಅದೇ ಬೆಂಗಳೂರಿನಲ್ಲಿ ಆರೋಗ್ಯವಂತರು ಎಂಜಲು ಕೊಟ್ಟು ಡಿಎನ್‌ಎ ಓದಿಸಿಕೊಳ್ಳುತ್ತಾರೆ. ಯಾವ ಸೊಪ್ಪು ಒಗ್ಗುತ್ತದೆ, ಕಾಫಿ ಎಷ್ಟು ಗಂಟೆಗೆ ಕುಡಿಯಬೇಕು, ತಲೆಗೂದಲು ಯಾವ ವಯಸ್ಸಿಗೆ ನರೆಯುತ್ತದೆ. ಚೆಂದದ ಡಬ್ಬಿಯಲ್ಲಿ ಬಣ್ಣದ ವರದಿ. ಅವರಿಗೆ ಇದು ಪರ್ಸನಲೈಸ್ಡ್ ಮೆಡಿಸಿನ್. ನಮ್ಮವನಿಗೂ ವೈಯಕ್ತಿಕ ಚಿಕಿತ್ಸೆಯೇ ಸಿಗುತ್ತದೆ. ಅವನ ಕಾರ್ಡಿನ ಬಣ್ಣ, ಅವನ ಭಾವಮೈದುನನ ಪರಿಚಯ, ಕೌಂಟರಿನವನ ಆವತ್ತಿನ ಮೂಡು, ಎಲ್ಲವನ್ನೂ ನೋಡಿಯೇ ಚಿಕಿತ್ಸೆ ನಿರ್ಧಾರವಾಗುವುದು.

ಸರ್ಕಾರಕ್ಕೆ ಬೈದದ್ದಾಯಿತು. ಓದಿ ನಗುತ್ತಿರುವ ನಮ್ಮೂರಿನ ಮಹನೀಯರಿಗೂ ನಾಲ್ಕು ಮಾತಿದೆ.

ಗುಳಿಗೆ ತಗೊಂಡು ಎರಡು ತಿಂಗಳಿಗೆ ಗಡ್ಡೆ ಕರಗುತ್ತದೆ, ಹಸಿವಾಗುತ್ತದೆ, ಮೈಗೆ ಕಸುವು ಬರುತ್ತದೆ. ಕಣ್ಣಿನ ಸುತ್ತ ಸ್ವಲ್ಪ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಅಷ್ಟೇ. ಅಷ್ಟಕ್ಕೇ ಅತ್ತೆ, ಮಾವ, ದೊಡ್ಡಪ್ಪ ಸಭೆ ಸೇರುತ್ತಾರೆ. "ಇಂಗ್ಲಿಷ್ ಔಷಧಿ ಹೀಟು. ಮುಖ ಊದೈತೆ. ಬಿಟ್ಟು ನೋಡು." ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ರೋಗಿಗಳ ಗುಳಿಗೆ ಡಬ್ಬಿಯ ಮುಚ್ಚಳದೊಳಗೆ ಚಿಪ್ಪಿಟ್ಟು, ಎಷ್ಟು ಸಲ ತೆರೆದರು ಎಂದು ಗುಟ್ಟಾಗಿ ಎಣಿಸಿದ್ದರು. 2010ರಲ್ಲಿ ಫಲಿತಾಂಶ ಬಂತು. ಹತ್ತರಲ್ಲಿ ಒಂದು ಗುಳಿಗೆಗಿಂತ ಹೆಚ್ಚು ತಪ್ಪಿಸಿದವರ ಅಂಕಿ ಇಳಿಯುವುದು ಬಹಳ ಕಡಿಮೆ. ಲಂಡನ್ನಿನವರೇ ತಪ್ಪಿಸುತ್ತಾರೆ. ನಮ್ಮಲ್ಲಿ ತಪ್ಪಿಸುವುದಕ್ಕೆ ದೊಡ್ಡಪ್ಪನ ನೇತೃತ್ವವೂ ಇದೆ.

ಗುಳಿಗೆ ಬಿಟ್ಟವನು ಏನು ತಿನ್ನುತ್ತಾನೆ? ಲಕ್ಷ್ಮಣಫಲ. ಕಿಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿ ಎಂದು ವಾಟ್ಸಾಪಿನಲ್ಲಿ ಬಂದಿದೆ. ಆ ಹತ್ತು ಸಾವಿರವನ್ನು ಯಾರು ಅಳೆದರು ಎಂದು ಕೇಳಬೇಡಿ. ಫಾರ್ವರ್ಡ್ ಮಾಡಿದವರು ನಿವೃತ್ತ ಮೇಷ್ಟ್ರು.

ಇನ್ನು ಗುಟ್ಟು. ಮನೆಯಲ್ಲಿ ಇಂಥ ಕಾಯಿಲೆಯಿದೆ ಎಂದು ಗೊತ್ತಾದರೆ ತಂಗಿಗೆ ಗಂಡು ಸಿಗುವುದಿಲ್ಲ. ಈ ಅಂಟಿಕೊಂಡ ಜೀನು ಹುಟ್ಟಿನಿಂದ ಬರುವುದಲ್ಲ. ಅಪ್ಪನಿಂದ ಮಗನಿಗೆ ಇಳಿಯುವುದಲ್ಲ. ಬೆಳೆದ ಮೇಲೆ ಮಜ್ಜೆಯ ಒಂದು ಕೋಶದಲ್ಲಿ ಆಗುವ ಎಡವಟ್ಟು. ನೂರು ಸಲ ಹೇಳಿ. "ಆದ್ರೂ ರಕ್ತದ ಇಸ್ಯ ನೋಡಿ" ಎನ್ನುತ್ತಾರೆ. ವಂಶದಲ್ಲಿ ಸಕ್ಕರೆ ಕಾಯಿಲೆ ಮೂರು ತಲೆಮಾರಿನಿಂದ ಹರಿಯುತ್ತಿದ್ದರೂ ಮದುವೆ ಊಟದಲ್ಲಿ ಹೋಳಿಗೆ ನಾಲ್ಕು.

ಸಿಎಂಎಲ್ ಒಂದೇ ಅಲ್ಲ. ಎಪಿಎಲ್ ಎಂಬ ಇನ್ನೊಂದು ರಕ್ತ ಕ್ಯಾನ್ಸರ್ ಇದೆ. ರೇಷನ್ ಕಾರ್ಡಿನ ಎಪಿಎಲ್ ಅಲ್ಲ, ಕಾರ್ಡಿಗಿಂತ ಬೇಗ ಕೊಲ್ಲುವಂಥದು. ದಿನಗಳಲ್ಲಿ ರಕ್ತಸ್ರಾವವಾಗಿ ಹೋಗುತ್ತಾರೆ. ಅದರ ಗುರುತು ಪಿಎಂಎಲ್-ರಾರಾ ಎಂಬ ಜೋಡಿ ಜೀನು. ಆ ಗುರುತು ಸಿಕ್ಕಿತೆಂದರೆ ಎ ವಿಟಮಿನ್ನಿನ ಸಂಬಂಧಿಯಾದ ಒಂದು ಗುಳಿಗೆ, ಜತೆಗೆ ಆರ್ಸೆನಿಕ್. ಹೌದು, ಪಾಷಾಣ. ಅಪಾಯ ಕಡಿಮೆಯಿರುವ ರೋಗಿಗಳಲ್ಲಿ ಕಿಮೋ ಇಲ್ಲದೆ ಈ ಎರಡರಿಂದಲೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಉಳಿಯುತ್ತಾರೆ. ಅಮೃತವೆಂದು ಮಾರುವವರ ಬಾಟಲಿಯಿಂದ ಒಬ್ಬನೂ ಉಳಿದ ಲೆಕ್ಕವಿಲ್ಲ. ಪಾಷಾಣ ಉಳಿಸುತ್ತದೆ. ಗುರುತು ಮೊದಲೇ ಗೊತ್ತಾದರೆ.

ಮಕ್ಕಳ ರಕ್ತ ಕ್ಯಾನ್ಸರಿನಲ್ಲೂ ಇಂಥದೇ. ಮರ್ಕಾಪ್ಟೋಪ್ಯೂರಿನ್ ಎಂಬ ಗುಳಿಗೆಯನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ನಡ್ಟ್15 ಎಂಬ ಜೀನಿನಲ್ಲಿ ಒಂದು ವ್ಯತ್ಯಾಸವಿದ್ದರೆ ಮಾಮೂಲಿ ಡೋಸೇ ವಿಷವಾಗಿ ಬಿಳಿ ರಕ್ತಕಣ ನೆಲ ಕಚ್ಚುತ್ತವೆ. ಈ ವ್ಯತ್ಯಾಸ ಯುರೋಪಿನವರಲ್ಲಿ ಅಪರೂಪ, ಏಷ್ಯಾದವರಲ್ಲಿ ಹೆಚ್ಚು. ಡೋಸಿನ ಪಟ್ಟಿ ಬರೆದದ್ದು ಅಲ್ಲಿನ ಮಕ್ಕಳನ್ನು ನೋಡಿ. ನುಂಗುವುದು ನಮ್ಮ ಮಕ್ಕಳು.

ಈಗ 2025ರ ಸೆಪ್ಟೆಂಬರ್ 22ನ್ನು ನೆನಪಿಸಿಕೊಳ್ಳಿ. 9ನೇ ತಿಂಗಳು, 22ನೇ ತಾರೀಕು. ಆ ಎರಡು ಕ್ರೋಮೋಸೋಮ್‌ಗಳ ನೆನಪಿಗೆಂದೇ ಜಗತ್ತಿನ ರೋಗಿಗಳು ಆ ದಿನವನ್ನು ಸಿಎಂಎಲ್ ದಿನ ಎಂದು ಆಚರಿಸುತ್ತಾರೆ. ಆ ದಿನ ನಮ್ಮ ರಾಜ್ಯದಲ್ಲಿ ಪುರುಸೊತ್ತಿರಲಿಲ್ಲ. ಮೈಸೂರಿನಲ್ಲಿ ದಸರಾ ಉದ್ಘಾಟನೆ. ಅದನ್ನು ಲೇಖಕಿ ಬಾನು ಮುಷ್ತಾಕ್ ಮಾಡಬಹುದೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿತ್ತು. ದೆಹಲಿಯ ಹೊಸ ಜಿಎಸ್‌ಟಿ ಜಾರಿಯಾದದ್ದೂ ಅದೇ ದಿನ. 33 ಜೀವರಕ್ಷಕ ಔಷಧಗಳ ತೆರಿಗೆ 12 ಪರ್ಸೆಂಟಿನಿಂದ ಸೊನ್ನೆಗೆ. ಟಿ315ಐಯನ್ನು ಬಗ್ಗಿಸುವ ಆಸ್ಕಿಮಿನಿಬ್ ಕೂಡ ಪಟ್ಟಿಯಲ್ಲಿತ್ತು. ಪೇಪರಿನಲ್ಲಿ ಮುಖಪುಟಕ್ಕೆ ಬಂದದ್ದು ಕಾರು ಮತ್ತು ಟೀವಿಯ ಬೆಲೆ. ಗುಳಿಗೆಯ ತೆರಿಗೆ ಹೋಯಿತು, ಸರಿ. ಆ ಗುಳಿಗೆ ಯಾರಿಗೆ ಬೇಕು ಎಂದು ಹೇಳುವ ಪರೀಕ್ಷೆ ಯಾವ ತಾಲ್ಲೂಕಿನಲ್ಲಿದೆ?

ಮತ್ತು ಅದೇ ದಿನ ಜಾತಿ ಸಮೀಕ್ಷೆಯೂ ಆರಂಭ. ಮೀಟರ್ ರೀಡರುಗಳು ಮುಂಚೆಯೇ ಬಂದು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ್ದರು. ಮೇಷ್ಟ್ರುಗಳು ಮೊಬೈಲ್ ಹಿಡಿದು ಬಂದರು. 60 ಪ್ರಶ್ನೆ. ಜಾತಿ, ಉಪಜಾತಿ, ಜಾತಿಗಿರುವ ಇನ್ನೊಂದು ಹೆಸರು. ಸರ್ವರ್ ಬಿದ್ದಾಗ ಮೇಷ್ಟ್ರು ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಸರ್ವರ್ ಎದ್ದಾಗ ಮತ್ತೆ ಉಪಜಾತಿ. ನಮ್ಮ ರಕ್ತದ ಬಗ್ಗೆ ಸರ್ಕಾರಕ್ಕೆ ಇಷ್ಟು ಕುತೂಹಲವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ದೊಡ್ಡ ಬೇಡಿಕೆಯನ್ನು ಇಲ್ಲಿ ಹೇಳಲೇಬೇಕು. ಮಧುಗಿರಿ ಜಿಲ್ಲೆಯಾಗಬೇಕು. ಶಿರಾ, ಕೊರಟಗೆರೆ, ಪಾವಗಡ ಸೇರಿಸಿ. ಆಗಲಿ. ಜಿಲ್ಲೆಯಾದರೆ ಜಿಲ್ಲಾಸ್ಪತ್ರೆ, ಜಿಲ್ಲಾಸ್ಪತ್ರೆಯಾದರೆ ಡೇ ಕೇರ್ ಕ್ಯಾನ್ಸರ್ ಘಟಕ. ಜಿಲ್ಲಾಸ್ಪತ್ರೆಗಳಲ್ಲೆಲ್ಲ ಮೂರು ವರ್ಷದೊಳಗೆ ಅಂಥ ಘಟಕ ಎಂದು 2025ರ ಕೇಂದ್ರ ಬಜೆಟ್ಟಿನಲ್ಲೇ ಹೇಳಿದ್ದಾರೆ. ಆದರೆ ಜಿಲ್ಲೆ ಬೇಕೆನ್ನುವ ಭಾಷಣಗಳಲ್ಲಿ ಕೇಳಿಸುವುದು ಡೀಸಿ ಕಚೇರಿ, ಎಸ್ಪಿ ಕಚೇರಿ, ಮತ್ತು ಸುತ್ತಮುತ್ತ ಸೈಟಿನ ರೇಟು. ಪಿಸಿಆರ್ ಎಂಬ ಮೂರಕ್ಷರವನ್ನು ಯಾವ ವೇದಿಕೆಯಲ್ಲೂ ಕೇಳಿದ ನೆನಪಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಮಾಸ್ಕಿನ ಜತೆಗೇ ಮರೆತರು.

ಒಂದು ಯೋಚನೆ. ಗುಳಿಗೆಗೆ ಇರುವ ಮೂರು ತಿಂಗಳ ಪರೀಕ್ಷೆಯನ್ನು ಯೋಜನೆಗಳಿಗೂ ಇಟ್ಟರೆ? ತುಮಕೂರು–ರಾಯದುರ್ಗ ರೈಲು ಮಾರ್ಗ ಮಂಜೂರಾದದ್ದು 2007-08ರಲ್ಲಿ. ಮಧುಗಿರಿಯಲ್ಲಿ ಇನ್ನೂ ರೈಲು ಕೂಗಿಲ್ಲ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳು ಕಾಯಿನ್ ನುಂಗುತ್ತವೆ, ನೀರು ಉಗುಳುವುದಿಲ್ಲ. ಪಾವಗಡದಲ್ಲಿ 13,000 ಎಕರೆ ಸೋಲಾರ್ ಪಾರ್ಕು, 2,050 ಮೆಗಾವಾಟ್. ಹತ್ತಿರದ ಹಳ್ಳಿಗಳ ಫ್ಲೋರೈಡ್ ನೀರಿಗೆ ಹಲ್ಲು ಹಳದಿಯಾಗುವುದು ನಿಂತಿಲ್ಲ. ಇವಕ್ಕೆಲ್ಲ ಮೂರು ತಿಂಗಳಿಗೆ ಹತ್ತು, ಆರು ತಿಂಗಳಿಗೆ ಒಂದು ಎಂದು ರಿಪೋರ್ಟ್ ಬರುವಂತಾದರೆ ಎಷ್ಟು ಜನರ ಔಷಧಿ ಬದಲಾಯಿಸಬೇಕಾದೀತು? ಅದಕ್ಕೇ ಅಳತೆಗೋಲು ಕಂಡರೆ ಇಲ್ಲಿ ಎಲ್ಲರಿಗೂ ಅಲರ್ಜಿ. ಅಳೆಯದಿದ್ದರೆ ಎಲ್ಲವೂ ಯಶಸ್ವಿ. ಫ್ಲೆಕ್ಸಿನಲ್ಲಿ ನಗುವವರಿಗೆ ದಶಮಾಂಶ ಬೇಡ.

ಕೊನೆಯ ಸಂಕಟ ಒಂದಿದೆ. ಅಂಕಿ ಇಳಿಯಲಿಲ್ಲ, ಹೊಸ ಗುಳಿಗೆಗಳೂ ಸೋತವು ಅಥವಾ ಕೈಗೆ ಎಟುಕಲಿಲ್ಲ ಎನ್ನಿ. ಉಳಿಯುವುದು ಮಜ್ಜೆಯ ಕಸಿ. ಅದಕ್ಕೆ ಎಚ್‌ಎಲ್‌ಎ ಎಂಬ ಇನ್ನೊಂದು ಗುರುತು ಹೊಂದಬೇಕು. ಒಡಹುಟ್ಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಹೊಂದುವ ಸಾಧ್ಯತೆ. ಇಲ್ಲದಿದ್ದರೆ ಹೊರಗಿನ ದಾನಿ. ಹೊರಗಿನವರಲ್ಲಿ ಹೊಂದಿಕೆ ಸಿಗುವ ಸಂಭವ ಒಂದೇ ಮೂಲದ, ತಮ್ಮತಮ್ಮೊಳಗೇ ಮದುವೆಯಾಗುತ್ತಾ ಬಂದ ಜನರ ನಡುವೆ ಹೆಚ್ಚು. ಅಂದರೆ ನಾವು ಸಾವಿರಾರು ವರ್ಷ ಎದೆಗವಚಿಕೊಂಡು ಬಂದ ಜಾತಿ ಎಂಬ ಪದಾರ್ಥ ಒಬ್ಬ ಮನುಷ್ಯನ ಜೀವ ಉಳಿಸಲು ಉಪಯೋಗಕ್ಕೆ ಬರಬಹುದಾದ ಒಂದೇ ಒಂದು ಜಾಗ ಇದು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಗಳು ದಾನಿಗಳ ಪಟ್ಟಿ ಮಾಡುತ್ತಿವೆ. ಹೆಸರು ಬರೆಸಲು ಸೂಜಿಯೂ ಬೇಡ. ಹತ್ತಿಯ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿ ಕೊಟ್ಟರೆ ಆಯಿತು.

ನಮ್ಮಲ್ಲಿ ಸಮಾಜದ ಸಮಾವೇಶಗಳಿಗೆ ಕೊರತೆಯಿಲ್ಲ. ಲಕ್ಷ ಜನ ಸೇರುತ್ತಾರೆ. ಬೆಳ್ಳಿ ಗದೆ, ಸೇಬಿನ ಹಾರ, ಜೆಸಿಬಿಯಿಂದ ಹೂಮಳೆ. "ನಮ್ಮವರ ಒಂದು ಹನಿ ರಕ್ತಕ್ಕೆ" ಎಂದು ಶುರುವಾಗುವ ಭಾಷಣ, ಶಿಳ್ಳೆ. ಆ ಪೆಂಡಾಲಿನ ಬಾಗಿಲಲ್ಲಿ ಹತ್ತಿ ಕಡ್ಡಿಯ ಡಬ್ಬಿ ಇಟ್ಟುಕೊಂಡು ಒಬ್ಬ ಹುಡುಗ ಕೂತರೆ ಸಾಕು. ರಕ್ತ ಕೊಡುತ್ತೇವೆ ಎಂದು ತೋಳೇರಿಸಿದವರೆಲ್ಲ ಬಾಯಿ ಮುಚ್ಚಿಕೊಂಡು ಊಟದ ಕ್ಯೂಗೆ ಹೋಗಿರುತ್ತಾರೆ.